ಅಡುಗೆಮನೆಯ ಹೊರಗೆ ಕೂತ ಮಧ್ಯಾಹ್ನ

ಸಫಾರಾತ್‌ನ ಮನೆಗಳಲ್ಲಿ ಮಧ್ಯಾಹ್ನ ಎಂದರೆ ನಿದ್ದೆಯ ಹೊತ್ತು. ರಿಯಾದಿನ ಈ ಭಾಗದಲ್ಲಿ ಬೇರೆ ಬೇರೆ ದೇಶದ ರಾಯಭಾರಿಗಳು ಇರುತ್ತಾರೆ. ಇಲ್ಲಿ ಗೋಡೆ ಮಣ್ಣಿನ ಬಣ್ಣ, ದಾರಿ ಮಣ್ಣಿನ ಬಣ್ಣ, ಗಾಳಿ ಎದ್ದ ದಿನ ಆಕಾಶವೂ ಅದೇ ಬಣ್ಣ. ಪರದೆ ಎಳೆದ ಕೋಣೆಗಳಲ್ಲಿ ಏಸಿ ಒಂದೇ ರಾಗದಲ್ಲಿ ಗುನುಗುತ್ತಿರುತ್ತದೆ. ಅಂಥ ಹೊತ್ತಿನಲ್ಲಿ ಕಿಟಕಿಯ ಪಕ್ಕ ಕೂತು ಬೀನ್ಸಿನ ನಾರು ತೆಗೆಯುತ್ತಿದ್ದರೆ ನಾನು ಯಾವ ದೇಶದಲ್ಲಿದ್ದೇನೆ ಎಂಬುದೇ ಮರೆತುಹೋಗುತ್ತಿತ್ತು. ಹೊರಗೆ ಅರಬ್ಬರ ದೇಶ. ಗೇಟಿನ ಒಳಗೆ ಇನ್ನೊಂದು ದೇಶ. ಒಲೆಯ ಮುಂದೆ ಮಾತ್ರ ನಮ್ಮ ಊರು.

ಆ ಮನೆಯ ಯಜಮಾನಿ ಬೆಟ್ಟ ಮತ್ತು ಸರೋವರಗಳ ಒಂದು ಪುಟ್ಟ ದೇಶದ ರಾಯಭಾರಿ. ನಾವು ಅವರನ್ನು ಮೇಡಂ ಎನ್ನುತ್ತಿದ್ದೆವು. ಅವರು ನನ್ನನ್ನು 'ಮಾಮಿ' ಎನ್ನುತ್ತಿದ್ದರು. ಆ ಮನೆಯಲ್ಲಿ ಕೆಲಸ ಮಾಡುವವರೆಲ್ಲ ಹಾಗೆಯೇ ಕರೆಯುತ್ತಿದ್ದುದರಿಂದ ಅದು ನನ್ನ ಹೆಸರೆಂದೇ ಅವರು ತಿಳಿದಿದ್ದರು. ನಿಜ ಏನೆಂದರೆ ಡ್ರೈವರ್ ನನ್ನ ನಾದಿನಿಯ ಮಗ. ತೋಟ ನೋಡುವವನು ಅವನ ಭಾವ. ನನ್ನ ಕೈಕೆಳಗೆ ಅಡುಗೆಗೆ ನಿಂತವಳು ನನ್ನ ತಮ್ಮನ ಮಗಳು. ನಮ್ಮ ಬ್ಯಾರಿ ಜನರಲ್ಲಿ ಕ್ರಮವೇ ಅದು. ಒಬ್ಬರು ಸಮುದ್ರ ದಾಟಿದರೆ ಹಿಂದಕ್ಕೆ ಕೈ ಚಾಚಬೇಕು. ಚಾಚದವರ ಮನೆಯ ಮದುವೆಗೆ ಯಾರೂ ಹೋಗುವುದಿಲ್ಲ.

ಒಂದು ದಿನ ಕಚೇರಿಯ ಗುಮಾಸ್ತರು ಚಹಾಕ್ಕೆ ಒಳಗೆ ಬಂದರು. ಅವರು ಮಂಗಳೂರಿನ ಕೊಂಕಣಿ ಕ್ರಿಶ್ಚಿಯನ್. ಮೇಡಂ ಹೇಳಿದ್ದನ್ನು ನನಗೆ ಬಿಡಿಸಿ ಹೇಳುವುದು ಅವರ ಕೆಲಸಗಳಲ್ಲೊಂದು.

"ಮಾಮಿ, ಬರುವ ವಾರ ಊಟಕ್ಕೆ ಮೂರು ಜನ ಉಂಟು. ಇಬ್ಬರು ಇವರ ಸರ್ಕಾರದವರು. ಒಬ್ಬರು ಆ ಒಕ್ಕೂಟದ ಕಡೆಯ ಹೆಂಗಸು. ಒಲಾಯಾ ಪೇಟೆಯ ಹೋಟೆಲಿನಲ್ಲಿ ಇಳಿಯುವುದು."

"ಎಂತದ್ದು ಒಕ್ಕೂಟ?"

"ಇವರ ಸುತ್ತಮುತ್ತಲಿನ ದೇಶಗಳೆಲ್ಲ ಸೇರಿ ಮಾಡಿಕೊಂಡದ್ದು. ಗಡಿ ದಾಟುವಾಗ ತಡೆಯುವವರಿಲ್ಲ, ವ್ಯಾಪಾರಕ್ಕೆ ಅಡ್ಡಿ ಇಲ್ಲ. ಇವರಿಗೂ ಒಳಗೆ ಹೋಗಬೇಕು. ಆದರೆ ಸುಮ್ಮನೆ ಸೇರಿಸ್ತಾರಾ ಮಾರಾಯ್ರೆ? ಮೊದಲು ಮನೆ ಸರಿ ಮಾಡಿ ಬನ್ನಿ ಅಂತಾರೆ. ಕೋರ್ಟು, ಪೊಲೀಸು, ಹಾಲು, ಮೊಟ್ಟೆ, ಎಲ್ಲ."

"ಹಾಲಿನ ಸೊಸೈಟಿಯ ಹಾಗೆ ಅನ್ನಿ."

ಅವರು ಚಹಾ ಚೆಲ್ಲುವಷ್ಟು ನಕ್ಕರು. ನಾನು ನಗಲಿಲ್ಲ. ನಮ್ಮೂರಿನ ಸೊಸೈಟಿಗೆ ಮೊದಲ ಸಲ ಹಾಲು ಒಯ್ದಾಗ ಕೊಳವೆ ಮುಳುಗಿಸಿ ನೋಡಿ ನನ್ನನ್ನು ಹಿಂದಕ್ಕೆ ಕಳಿಸಿದ್ದರು. ಪಾತ್ರೆ ತೊಳೆದು ಬಾ, ದನಕ್ಕೆ ಸೂಜಿ ಹಾಕಿಸಿ ಬಾ, ಆಮೇಲೆ ಸದಸ್ಯಳಾಗು ಎಂದಿದ್ದರು. ಒಬ್ಬಳ ಹಾಲು ಕೆಟ್ಟರೆ ಇಡೀ ಕ್ಯಾನು ಕೆಡುತ್ತದೆ. ಅದರಲ್ಲಿ ತಪ್ಪೇನೂ ಇಲ್ಲ.

"ಸರಿ ಮಾಡಬೇಕಾದ್ದನ್ನೆಲ್ಲ ಪಾಠ ಪಾಠ ಅಂತ ಭಾಗ ಮಾಡಿಟ್ಟಿದ್ದಾರೆ" ಎಂದು ಗುಮಾಸ್ತರು ಮುಂದುವರಿಸಿದರು. "ಒಂದೊಂದನ್ನೂ ತೆರೆಯಬೇಕು, ಹೇಳಿದ ಹಾಗೆ ಮಾಡಿ ತೋರಿಸಬೇಕು, ಮುಚ್ಚಬೇಕು. ತೆರೆಯುವಾಗಲೂ ಮುಚ್ಚುವಾಗಲೂ ಒಳಗಿದ್ದವರೆಲ್ಲ ಹೂಂ ಅನ್ನಬೇಕು. ಒಬ್ಬ ಉಹೂಂ ಅಂದರೆ ಅಲ್ಲಿಗೇ ನಿಂತಿತು. ಕೋರ್ಟು, ಲಂಚ, ಸರ್ಕಾರದ ಕೆಲಸ ಯಾರಿಗೆ ಹೇಗೆ ಸಿಗ್ತದೆ ಅನ್ನುವ ಪಾಠ ಉಂಟಲ್ಲ, ಅದು ಎಲ್ಲಕ್ಕಿಂತ ಮೊದಲು ತೆರೆಯುವುದು, ಎಲ್ಲಕ್ಕಿಂತ ಕೊನೆಗೆ ಮುಚ್ಚುವುದು."

"ಅಷ್ಟರಲ್ಲಿ ಹಾಲು ಒಡೆದುಹೋಗ್ತದೆ."

"ಒಡೆದೇ ಹೋಗಿದೆ ಅಂತ ಇವರ ದೇಶದವರೂ ಹೇಳ್ತಾರೆ. ಮೇಡಂ ಮಾತ್ರ ಇನ್ನೂ ಕಾಯಿಸ್ತಾ ಇದ್ದಾರೆ."

ಮೇಡಂ ನಂಬಿದ್ದರು ಎನ್ನುವುದು ನನಗೂ ಗೊತ್ತಿತ್ತು. ಯಾರೂ ಕೇಳುವ ಮೊದಲೇ ಅಡುಗೆಮನೆಗೆ ಹೆಚ್ಚುವ ಬಣ್ಣದ ಹಲಗೆಗಳು ಬಂದಿದ್ದವು. ಮಾಂಸಕ್ಕೆ ಕೆಂಪು, ಮೀನಿಗೆ ನೀಲಿ, ತರಕಾರಿಗೆ ಹಸಿರು. ಫ್ರಿಜ್ಜಿನ ಒಳಗೆ ತಂಪು ತೋರಿಸುವ ಮುಳ್ಳು. ಬೆಂದ ಕೋಳಿಗೆ ಚುಚ್ಚಿ ನೋಡುವ ಕಡ್ಡಿ. ಮೊದಲು ನನಗೆ ಸಿಟ್ಟು ಬಂದಿತ್ತು. ಕೋಳಿ ಬೆಂದಿದೆಯೋ ಇಲ್ಲವೋ ಎಂದು ನನಗೆ ಕಡ್ಡಿ ಹೇಳಬೇಕೇ? ಆಮೇಲೆ ಅಭ್ಯಾಸವಾಯಿತು. ಹಲಗೆ ಬೇರೆಯಾದ ಮೇಲೆ ಹಣ್ಣಿಗೆ ಈರುಳ್ಳಿಯ ವಾಸನೆ ಬರುವುದು ನಿಂತಿತ್ತು.

ಮೂವರೂ ಬಂದರು. ಊಟ ಮುಗಿದ ಮೇಲೆ ಒಕ್ಕೂಟದ ಹೆಂಗಸು ಅಡುಗೆಮನೆಗೇ ಬಂದಳು. ಕನ್ನಡಕ, ಚಪ್ಪಟೆ ಚಪ್ಪಲಿ, ಮೆದುವಾದ ಮಾತು. ಅಡುಗೆ ಚೆನ್ನಾಗಿತ್ತು ಎಂದಳು. ನೀವೆಲ್ಲ ಇಲ್ಲಿ ಕೆಲಸಕ್ಕೆ ಹೇಗೆ ಸೇರಿದಿರಿ ಎಂದು ಗುಮಾಸ್ತರ ಮೂಲಕ ಕೇಳಿದಳು.

ಕೇಳಿದ್ದು ನನಗೆ ಬಹಳ ಖುಷಿಯಾಯಿತು. ಅಷ್ಟು ದೂರದಿಂದ ಬಂದವರು ಮನೆತನ ಕೇಳುತ್ತಿದ್ದಾರೆ ಎಂದುಕೊಂಡೆ. ತೋಟ ನೋಡುವವನನ್ನು ಕರೆಸಿದೆ, ಡ್ರೈವರನನ್ನು ಕರೆಸಿದೆ, ಸಾಲಾಗಿ ನಿಲ್ಲಿಸಿದೆ. ಇವನು ನನ್ನ ನಾದಿನಿಯ ಮಗ. ಇವನು ಅವನ ಭಾವ. ಇವಳು ನನ್ನ ಸ್ವಂತ ತಮ್ಮನ ಮಗಳು. ಎಲ್ಲರನ್ನೂ ನಾನೇ ತಂದದ್ದು. ಈ ಮನೆಯಲ್ಲಿ ಒಂದು ಚಮಚ ಕಾಣೆಯಾದರೂ ನಾನು ಜವಾಬು ಕೊಡಬೇಕು, ಹಾಗಾಗಿ ಕಾಣೆಯಾಗುವುದಿಲ್ಲ.

ಗುಮಾಸ್ತರು ಅರ್ಧದಲ್ಲಿ ನಿಲ್ಲಿಸಿದರು. "ಮಾಮಿ, ಸಾಕು."

"ಎಂತ ಸಾಕು? ಪೂರ್ತಿ ಹೇಳಿ ನೀವು."

ಅವರು ಪೂರ್ತಿ ಹೇಳಿದರು. ಆ ಹೆಂಗಸು ನನ್ನ ಕೈ ಹಿಡಿದು ಥ್ಯಾಂಕ್ಸ್ ಎಂದಳು. ಬಾಗಿಲಲ್ಲಿ ನಿಂತಿದ್ದ ಮೇಡಂ ನೆಲ ನೋಡುತ್ತಿದ್ದರು.

ಮೇಡಂನ ಸರ್ಕಾರದಿಂದ ಆದೇಶ ಬರಲು ಸ್ವಲ್ಪ ಸಮಯ ಹಿಡಿಯಿತು. ಅದನ್ನು ಗುಮಾಸ್ತರೇ ತಂದು ಹೇಳಿದರು. ಒಬ್ಬರ ಬೆನ್ನಿಗೆ ಒಬ್ಬರು ಸಂಬಂಧಿಕರು ಸೇರಿಕೊಂಡ ಕೆಲಸಗಳನ್ನೆಲ್ಲ ಮತ್ತೆ ತೆರೆಯಬೇಕು. ಯಾರು ಬೇಕಾದರೂ ಅರ್ಜಿ ಹಾಕಬಹುದು, ಈಗ ಇರುವವರೂ ಹಾಕಬಹುದು. ಪರೀಕ್ಷೆಯಲ್ಲಿ ಗೆದ್ದವರಿಗೆ ಕೆಲಸ. ಯಾರ ಕರಾರು ಮೊದಲು ಮುಗಿಯುತ್ತದೋ ಅವರದ್ದು ಮೊದಲು. ಅದು ನನ್ನ ತಮ್ಮನ ಮಗಳದ್ದು.

ಅವಳ ವಿಷಯ ಇಲ್ಲಿ ಹೇಳಬೇಕು. ಗಂಡ ತಲಾಖ್ ಹೇಳಿ ಕಳಿಸಿದ ಮೇಲೆ ನಾನು ಅವಳನ್ನು ಇಲ್ಲಿಗೆ ಕರೆಸಿಕೊಂಡಿದ್ದೆ. ಊರಿನಲ್ಲಿ ನನ್ನ ತಮ್ಮ ಅವಳಿಗೆ ಇನ್ನೊಂದು ಗಂಡು ನೋಡಿದ್ದ. ಹೆಂಡತಿ ಸತ್ತವನು, ಮಕ್ಕಳಿಗೆ ಮದುವೆಯಾಗಿದೆ, ಮೊಣಕಾಲು ನೋವು. ಅಡುಗೆಗೂ ಕಾಲು ತಿಕ್ಕಲಿಕ್ಕೂ ಒಬ್ಬಳು ಬೇಕಾಗಿತ್ತು ಅವನಿಗೆ. ಅವಳಿಗೆ ಇಷ್ಟವಿರಲಿಲ್ಲ. ತಮ್ಮ ಕೇಳಿದಾಗಲೆಲ್ಲ ನಾನು, "ಅವಳಿಲ್ಲದೆ ನನಗೆ ಇಲ್ಲಿ ಆಗುವುದಿಲ್ಲ" ಎಂದು ಮುಂದಕ್ಕೆ ತಳ್ಳುತ್ತಿದ್ದೆ. ಕೆಲಸ ಹೋದರೆ ಇಕಾಮಾ, ಅಂದರೆ ಇಲ್ಲಿ ಇರುವ ಪರವಾನಗಿ, ಹೋಗುತ್ತದೆ. ಇಕಾಮಾ ಇಲ್ಲದೆ ಇಲ್ಲಿರಲು ಆಗುವುದಿಲ್ಲ. ಊರಿಗೆ ಹೋಗಿ ಇಳಿದರೆ ಆ ಮೊಣಕಾಲು.

ಡ್ರೈವರ್ ಕಾರು ತೊಳೆಯುವುದನ್ನು ಬಿಟ್ಟು ಬಂದು ಅಡುಗೆಮನೆಯ ಮೆಟ್ಟಿಲಲ್ಲಿ ಕೂತ. "ಮಾಮಿ, ಇದು ಇವಳೊಬ್ಬಳದ್ದಲ್ಲ. ಇವತ್ತು ಇವಳು, ನಾಳೆ ನಾನು, ನಾಡಿದ್ದು ಭಾವ. ನಾವು ನಾಲ್ಕೂ ಜನ ಒಟ್ಟಿಗೆ ಬಿಟ್ಟು ಹೋಗ್ತೇವೆ ಅಂತ ಹೇಳಿ. ಈ ಮನೆ ಒಂದು ದಿನ ನಡೀತದಾ? ಮೇಡಂಗೆ ಗ್ಯಾಸ್ ಹಚ್ಚಲಿಕ್ಕೆ ಸಹ ಬರುವುದಿಲ್ಲ."

ಅವನು ಹೇಳಿದ್ದು ಸರಿ. ನನಗೂ ಅದೇ ತೋರಿತ್ತು. ಹೇಳಿಯೇಬಿಡುತ್ತೇನೆ ಎಂದು ತಲೆಗೆ ಬಟ್ಟೆ ಸರಿಮಾಡಿಕೊಂಡು ತೋಟಕ್ಕೆ ಹೋದೆ.

ಸಂಜೆಯಾಗುತ್ತಿತ್ತು. ಬೆಳಗಿನಿಂದ ಧೂಳು ನಿಂತಿತ್ತು. ಸೂರ್ಯ ಮುಳುಗುವ ಬದಲು ಹಾಲಿನಲ್ಲಿ ಬಿದ್ದ ಬೆಲ್ಲದಂತೆ ಕರಗುತ್ತಿದ್ದ. ಖರ್ಜೂರದ ಮರದ ಕೆಳಗಿನ ಕುರ್ಚಿಯಲ್ಲಿ ಮೇಡಂ ಚಪ್ಪಲಿ ಕಳಚಿ, ಒದ್ದೆ ಹುಲ್ಲಿನ ಮೇಲೆ ಕಾಲು ಚಾಚಿ ಕೂತಿದ್ದರು. ನನ್ನನ್ನು ಕಂಡು ಪಕ್ಕದ ಕುರ್ಚಿ ತೋರಿಸಿದರು. ನಾವಿಬ್ಬರೂ ಮಾತಾಡುವುದು ಅರ್ಧ ಇಂಗ್ಲಿಷ್, ಅರ್ಧ ಅರಬ್ಬಿ, ಉಳಿದದ್ದು ಕೈಸನ್ನೆ.

ನಾನು ಬಾಯಿ ತೆರೆಯುವ ಮೊದಲೇ ಅವರು ತಮ್ಮ ಊರಿನ ಸರೋವರದ ಮಾತು ಶುರುಮಾಡಿದರು. ಆಚೆ ದಡ ಇನ್ನೊಂದು ದೇಶದ್ದು. ಆ ದೇಶ ಒಕ್ಕೂಟದ ಒಳಗಿದೆ. ಚಿಕ್ಕಂದಿನಲ್ಲಿ ಬೆಳಗ್ಗೆ ಮಂಜು ಇಳಿದಾಗ ಆಚೆ ದಡವೇ ಕಾಣುತ್ತಿರಲಿಲ್ಲವಂತೆ. ನೀರು ಎಲ್ಲಿಯವರೆಗೂ ತಮ್ಮದೇ ಎನಿಸುತ್ತಿತ್ತಂತೆ. ಬಿಸಿಲೇರಿದರೆ ಮಂಜು ಎದ್ದು ಅಲ್ಲಿಯ ಮನೆಗಳು, ಅಂಗಳದಲ್ಲಿ ಒಣಗಲು ಹಾಕಿದ ಬಟ್ಟೆಗಳು ಕಾಣುತ್ತಿದ್ದವು. ಅಲ್ಲಿಗೆ ಹೋಗಲು ಆಗುತ್ತಿರಲಿಲ್ಲ.

ಅವರು ಹೇಳುತ್ತಾ ಹೋದಂತೆ ನನ್ನ ಕಣ್ಣಿಗೂ ತೋಟದ ಗೋಡೆ ಕರಗಿತು. ಧೂಳು ನೀರಾಯಿತು. ಯಾರದ್ದೋ ಬಟ್ಟೆ ಗಾಳಿಗೆ ಅಲ್ಲಾಡುತ್ತಿತ್ತು. ಎಷ್ಟು ಹೊತ್ತು ಹಾಗೆ ಕೂತಿದ್ದೆವೋ ತಿಳಿಯದು.

"ನನ್ನ ತಂಗಿ ನನ್ನೊಂದಿಗೆ ಮಾತು ಬಿಟ್ಟಿದ್ದಾಳೆ" ಎಂದರು ಮೇಡಂ. "ಅವಳ ಗಂಡನಿಗೆ ಇಲ್ಲಿ ಕೆಲಸ ಕೇಳಿದ್ದಳು. ನಾನು ಇಲ್ಲ ಎಂದೆ."

"ಕೊಟ್ಟಿದ್ದರೆ ಯಾರಿಗೆ ನಷ್ಟ?"

"ಅವನಿಗಿಂತ ಚೆನ್ನಾಗಿ ಕೆಲಸ ಬಲ್ಲವನು ಯಾವನೋ ಒಬ್ಬ ಇದ್ದಾನೆ. ಅವನಿಗೆ ನನ್ನಂಥ ಅಕ್ಕ ಇಲ್ಲ."

ನಾನು ಒಪ್ಪಿದೆ ಎಂದಲ್ಲ. ಅಕ್ಕ ಇಲ್ಲದವನ ಯೋಚನೆ ಅವನ ಊರಿನವರು ಮಾಡಲಿ ಎಂದು ನನ್ನ ಮನಸ್ಸು ಹೇಳುತ್ತಿತ್ತು. ಆದರೂ ಬೆದರಿಕೆಯ ಮಾತು ಆಡದೆ ಎದ್ದು ಬಂದೆ. ತಂಗಿಯನ್ನು ಬಿಟ್ಟವಳಿಗೆ ಅಡುಗೆಯವಳನ್ನು ಬಿಡುವುದು ಕಷ್ಟವೇ?

ಹಿಂದಿರುಗಿದಾಗ ತಮ್ಮನ ಮಗಳು ಪಾತ್ರೆ ಒರೆಸುತ್ತಿದ್ದಳು. ಡ್ರೈವರ್ ಕಾಯುತ್ತಿದ್ದ.

"ಹೇಳಿದಿರಾ?"

"ಇಲ್ಲ."

"ಯಾಕೆ?"

ಅಷ್ಟರಲ್ಲಿ ಅವಳು ಬಟ್ಟೆಯನ್ನು ಬೀಸಿ ಎಸೆದಳು. "ನಿಮ್ಮಿಬ್ಬರಲ್ಲಿ ಯಾರಾದರೂ ನನ್ನನ್ನು ಕೇಳಿದಿರಾ? ನಾನು ಅರ್ಜಿ ಹಾಕ್ತೇನೆ. ಪರೀಕ್ಷೆಗೆ ನಿಲ್ತೇನೆ."

"ಸೋತರೆ?" ಎಂದ ಡ್ರೈವರ್.

"ಸೋತರೆ ನೀನು ಬಂದು ಅವನ ಕಾಲು ತಿಕ್ಕು."

ಗೇಟಿನ ಹೊರಗೆ, ಕಚೇರಿಯ ಬಾಗಿಲಲ್ಲಿ, ಮೂರು ಭಾಷೆಯಲ್ಲಿ ಕಾಗದ ಅಂಟಿಸಿದರು. ಅರ್ಜಿಗಳು ಬಂದವು. ಒಂದಿಷ್ಟು ಜನರನ್ನು ಮಾತಾಡಿಸಿ ಕೈಬಿಟ್ಟರು. ಅಡುಗೆಯ ಪರೀಕ್ಷೆಗೆ ಉಳಿದವರು ಅವಳೂ ಸೇರಿ ನಾಲ್ಕು ಹೆಂಗಸರು. ಮುಖ್ಯ ಅಡುಗೆಯವಳು ನಾನು, ರುಚಿ ನೋಡುವುದು ನಾನೇ ಎಂದುಕೊಂಡಿದ್ದೆ. ಆಗುವುದಿಲ್ಲ ಎಂದರು. ಸಂಬಂಧಿಕರು ಪರೀಕ್ಷೆಗೆ ನಿಂತಾಗ ನಾನು ಆ ಕೋಣೆಯಲ್ಲಿಯೂ ಇರಬಾರದು, ಏನು ಅಡುಗೆ ಎಂದು ತಿಳಿದಿರಲೂಬಾರದು. ಪಕ್ಕದ ಬೀದಿಯ ಇನ್ನೊಬ್ಬ ರಾಯಭಾರಿಯ ಮನೆಯಿಂದ ಅಡುಗೆಯವನನ್ನು ಕರೆಸಿದರು. ಲೆಬನಾನಿನವನು, ದೊಡ್ಡ ಹೊಟ್ಟೆ, ದೊಡ್ಡ ದನಿ. ಏನು ಮಾಡಬೇಕೆಂದು ಹೇಳುವವನು ಅವನು. ರುಚಿ ನೋಡುವವರು ಅವನು ಮತ್ತು ಮೇಡಂ. ತಟ್ಟೆಗಳಿಗೆ ಬಣ್ಣದ ನೂಲು ಕಟ್ಟುವುದು, ಯಾವ ನೂಲು ಯಾರದ್ದೆಂದು ಮನಸ್ಸಿನಲ್ಲಿಟ್ಟುಕೊಳ್ಳುವುದು ಗುಮಾಸ್ತರ ಕೆಲಸ. ರುಚಿ ನೋಡುವವರಿಗೆ ಅಡುಗೆ ಮಾಡುವವರು ಕಾಣುವಂತಿಲ್ಲ.

"ನನ್ನ ಅಡುಗೆಮನೆಯಿಂದ ನನ್ನನ್ನೇ ಹೊರಗೆ ಹಾಕ್ತೀರಾ?" ಎಂದೆ ಗುಮಾಸ್ತರಿಗೆ.

"ಎರಡು ಗಂಟೆ ಮಟ್ಟಿಗೆ ಮಾಮಿ. ಇವರ ದೇಶವನ್ನು ಎಷ್ಟು ವರ್ಷದಿಂದ ಹೊರಗೆ ಕೂರಿಸಿದ್ದಾರೆ ನೋಡಿ."

ಆ ಮಧ್ಯಾಹ್ನ ನನಗೆ ಹಿತ್ತಿಲಲ್ಲಿ, ಗೋಡೆಯ ನೆರಳಿನಲ್ಲಿ, ಪ್ಲಾಸ್ಟಿಕ್ ಕುರ್ಚಿ ಹಾಕಿಕೊಟ್ಟರು. ಗಾಳಿ ಇರಲಿಲ್ಲ. ಬಿಸಿಲು ಬಿಳಿ ಬಟ್ಟೆಯ ಹಾಗೆ ಎಲ್ಲದರ ಮೇಲೆ ಹೊದ್ದುಕೊಂಡಿತ್ತು. ಒಂದು ಬೆಕ್ಕು ಗೋಡೆಯ ಮೇಲೆ ನಡೆಯುತ್ತಾ ನಡೆಯುತ್ತಾ ಅರ್ಧದಲ್ಲೇ ಮಲಗಿತು. ಅಡುಗೆಮನೆಯ ಬಾಗಿಲು ಮುಚ್ಚಿತ್ತು. ಅದರ ಮೇಲಿನ ಫ್ಯಾನಿನಿಂದ ವಾಸನೆಗಳು ಒಂದೊಂದಾಗಿ ಹೊರಗೆ ಬರತೊಡಗಿದವು.

ಮೊದಲು ಅಕ್ಕಿ ತೊಳೆದ ನೀರಿನ ವಾಸನೆ. ಆಮೇಲೆ ಸುಟ್ಟ ದೊಣ್ಣೆ ಮೆಣಸಿನ ಸಿಪ್ಪೆ. ಸರಿ, ಮೆಣಸಿನೊಳಗೆ ಕೊಚ್ಚಿದ ಮಾಂಸ ತುಂಬುವ ಇವರ ದೇಶದ ಅಡುಗೆ ಎಂದು ತಿಳಿಯಿತು. ಒಬ್ಬಳು ಜೀರಿಗೆ ಹಾಕಿದಳು, ತಪ್ಪು. ಒಬ್ಬಳು ಬೆಳ್ಳುಳ್ಳಿಯನ್ನು ತಡವಾಗಿ ಹಾಕಿದಳು, ಅದು ಸರಿ, ಅವಳಿಗೆ ಕೆಲಸ ಗೊತ್ತು. ಕಣ್ಣು ಮುಚ್ಚಿದರೆ ಆ ನಾಲ್ವರೂ ನನ್ನ ಮುಂದೆಯೇ ನಿಂತಿದ್ದರು. ಮುಖ ಕಾಣದಿದ್ದರೂ ಕೈಗಳು ಕಾಣುತ್ತಿದ್ದವು. ವಾಸನೆಯ ಮೇಲೆ ತೇಲಿಕೊಂಡು ನಾನೂ ಒಳಗೆ ಹೋಗಿ ಬಂದ ಹಾಗೆ.

ಆಗ ತೆಂಗಿನೆಣ್ಣೆಯ ವಾಸನೆ ಬಂತು. ಅದು ಅವಳೇ. ಮಲಯಾಳಿ ಅಂಗಡಿಯಿಂದ ತಂದ ಬಾಟಲಿ, ಬೇರೆ ಯಾರೂ ಅದನ್ನು ಮುಟ್ಟುವವರಲ್ಲ. ಎಣ್ಣೆ ಕಾಯಿತು. ಈರುಳ್ಳಿ ಬಿತ್ತು. ಚೆನ್ನಾಗಿ ಬಾಡಿತು, ಸಿಹಿಯಾಯಿತು. ಇನ್ನು ಮಾಂಸ ಹಾಕಬೇಕು. ಹಾಕಲಿಲ್ಲ. ಮೆಣಸಿನ ಬೀಜ ತೆಗೆಯುತ್ತಾ ಮೈಮರೆತಿರಬೇಕು, ಅವಳದ್ದು ಅದೇ ಚಾಳಿ. ನನ್ನ ಪಕ್ಕ ಇದ್ದಾಗ ನಾನು ಕೈ ನೀಡಿ ಉರಿ ತಗ್ಗಿಸುತ್ತಿದ್ದೆ. ಹಾಗೆ ತಗ್ಗಿಸಿದ್ದು ಅವಳಿಗೆ ಗೊತ್ತೂ ಆಗುತ್ತಿರಲಿಲ್ಲ.

ಸಿಹಿ ವಾಸನೆಯ ಅಂಚು ಕಹಿಯಾಗತೊಡಗಿತು.

ಬಾಗಿಲು ಅಲ್ಲೇ ಇತ್ತು. ಒಳಗೆ ಹೋಗುವುದೂ ಬೇಕಿರಲಿಲ್ಲ. ಒಂದು ಸಲ ಕೆಮ್ಮಿದರೆ ಸಾಕಿತ್ತು. ನನ್ನ ಕೆಮ್ಮು ಅವಳಿಗೆ ಗೊತ್ತು. ಮೇಡಂ ಮತ್ತು ಲೆಬನಾನಿನವನು ಮುಂದಿನ ಕೋಣೆಯಲ್ಲಿದ್ದರು, ಗುಮಾಸ್ತರಿಗೆ ವಾಸನೆ ತಿಳಿಯುವುದಿಲ್ಲ. ಮುದುಕಿಗೆ ಕೆಮ್ಮು ಬರುವುದು ಯಾವ ಕಾನೂನಿಗೆ ವಿರುದ್ಧ?

ಒಳಗೆ ಇನ್ನೂ ಮೂವರು ಇದ್ದರು. ಅವರ ಉರಿ ಹೆಚ್ಚಾದರೆ ಹಿತ್ತಿಲಲ್ಲಿ ಕೆಮ್ಮಲು ಅವರಿಗೆ ಯಾರೂ ಇರಲಿಲ್ಲ. ಇದನ್ನು ದೊಡ್ಡ ಮಾತು ಮಾಡಿ ಹೇಳುತ್ತಿಲ್ಲ. ಆ ಹೊತ್ತಿನಲ್ಲಿ ನನ್ನ ತಲೆಗೆ ಬಂದದ್ದು ಇಷ್ಟೇ. ಸೆರಗು ಬಾಯಿಗೆ ಒತ್ತಿಕೊಂಡು ಕೂತೆ. ಈರುಳ್ಳಿ ಪೂರ್ತಿ ಸೀದಿತು. ಬಾಣಲೆ ತೊಟ್ಟಿಗೆ ಬಿದ್ದ ಶಬ್ದ, ನೀರು ಚುರ್ ಎಂದದ್ದು, ಅವಳು ತನ್ನನ್ನೇ ಬೈದುಕೊಂಡದ್ದು ಕೇಳಿಸಿತು. ಬೆಕ್ಕು ತಲೆ ಎತ್ತಿ ನೋಡಿ ಮತ್ತೆ ಮಲಗಿತು. ಸ್ವಲ್ಪ ಹೊತ್ತಿಗೆ ತೆಂಗಿನೆಣ್ಣೆ ಮತ್ತೊಮ್ಮೆ ಕಾಯಿತು.

ಗೆದ್ದವಳು ಶ್ರೀಲಂಕಾದ ಹೆಂಗಸು, ಬೆಳ್ಳುಳ್ಳಿಯನ್ನು ತಡವಾಗಿ ಹಾಕಿದವಳು. ನನ್ನ ತಮ್ಮನ ಮಗಳು ಎರಡನೆಯವಳು. ಮತ್ತೆ ಶುರುಮಾಡಿದ್ದರಿಂದ ಹೊತ್ತು ಮೀರಿತ್ತು, ಈರುಳ್ಳಿ ಕಡಿಮೆಯಾಗಿ ಹೂರಣ ಒಣಗಿತ್ತು. ಉಳಿದದ್ದೆಲ್ಲ ಸರಿ ಇತ್ತು ಎಂದು ಗುಮಾಸ್ತರು ಅವಳ ಮುಂದೆಯೇ ಹೇಳಿದರು.

ಅವರು ಹೋದ ಮೇಲೆ ಅವಳು ನನ್ನ ಕಡೆ ತಿರುಗಿದಳು. "ನಿಮಗೆ ವಾಸನೆ ಬಂದಿತ್ತಲ್ಲ?"

"ಬಂದಿತ್ತು."

"ಮತ್ತೆ?"

"ಕೂತಿದ್ದೆ."

ಅವಳು ಏಪ್ರನ್ ಬಿಚ್ಚಿ ಮೊಳೆಗೆ ಹಾಕಿ ಹೋದಳು. ನಾನು ಒಂದು ಸಲ ಕೆಮ್ಮಿದ್ದರೆ ಅವಳು ಗೆಲ್ಲುತ್ತಿದ್ದಳು. ಅದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಊರಿನಲ್ಲಿ ಕೇಳಿದ ಯಾರೂ ನನ್ನನ್ನು ಹೊಗಳಲಿಲ್ಲ. ನಾದಿನಿ ಫೋನಿನಲ್ಲಿ, "ನಿನಗೆ ಆ ಬಿಳಿಯರ ಗಾಳಿ ಸೋಕಿದೆ" ಎಂದಳು. ಡ್ರೈವರ್ ಕೆಲವು ದಿನ ನನ್ನನ್ನು ಮಾಮಿ ಎನ್ನುವುದನ್ನೇ ಬಿಟ್ಟ. 'ಕೇಳಿ' ಎಂದು ಗೋಡೆಗೆ ಹೇಳುವ ಹಾಗೆ ಮಾತಾಡುತ್ತಿದ್ದ.

ಶ್ರೀಲಂಕಾದವಳು ಬಂದು ಸೇರಿದಳು. ಅವಳ ಮೇಲೆ ಸಿಟ್ಟು ಮಾಡಿಕೊಳ್ಳಲು ನೋಡಿದೆ, ಆಗಲಿಲ್ಲ. ಅವಳ ಕೈ ಚುರುಕು, ಬಾಯಿ ಕಡಿಮೆ. ಉರಿ ತಗ್ಗಿಸಲು ನಾನು ಕೈ ನೀಡಿದರೆ ಅಷ್ಟರಲ್ಲೇ ತಗ್ಗಿರುತ್ತಿತ್ತು.

ತಮ್ಮನ ಮಗಳ ಕರಾರು ಇನ್ನೂ ಸ್ವಲ್ಪ ಉಳಿದಿತ್ತು. ಅದು ಮುಗಿಯುವ ಮೊದಲು ಲೆಬನಾನಿನ ಅಡುಗೆಯವನು ಗೇಟಿಗೆ ಬಂದ. "ಯಾ ಹಜ್ಜಾ, ಹಳದಿ ನೂಲಿನ ತಟ್ಟೆ ಯಾರದ್ದು?" ಎಂದು, ಹಿರಿಯ ಹೆಂಗಸನ್ನು ಅರಬ್ಬರು ಕರೆಯುವ ಹಾಗೆ ಕರೆದು, ನನ್ನನ್ನೇ ಕೇಳಿದ. ನನಗೆ ಗೊತ್ತಿರಲಿಲ್ಲ. ಗುಮಾಸ್ತರನ್ನು ಕರೆದೆ. ಅವರು ಇವಳ ಕಡೆ ತೋರಿಸಿದರು.

"ಆ ಎಣ್ಣೆ ಈ ಅಡುಗೆಗೆ ಸೇರುವುದಿಲ್ಲ" ಎಂದ ಅವನು ಅವಳಿಗೆ. "ಆದರೆ ಸೀದ ವಾಸನೆ ಮುಂದಿನ ಕೋಣೆಗೂ ಬಂದಿತ್ತು, ನಿನ್ನ ತಟ್ಟೆಯಲ್ಲಿ ಈರುಳ್ಳಿ ಕಡಿಮೆ ಇತ್ತು, ಕಹಿ ಇರಲಿಲ್ಲ. ಸೀದದ್ದನ್ನು ಎಸೆದೆ. ಅದರ ಮೇಲೆ ಮಸಾಲೆ ಸುರಿದು ಮುಚ್ಚಿಡಲಿಲ್ಲ. ನಮ್ಮ ಮನೆಗೆ ಒಬ್ಬಳು ಬೇಕು. ಬರುತ್ತೀಯಾ?"

ಅವನ ಯಜಮಾನರ ದೇಶ ಯಾವ ಒಕ್ಕೂಟಕ್ಕೂ ಅರ್ಜಿ ಹಾಕಿರಲಿಲ್ಲ. ಹಾಗಾಗಿ ಕೆಲಸ ಅಲ್ಲೇ ನಿಂತಲ್ಲೇ ಆಯಿತು. ಇಕಾಮಾ ಬದಲಾಯಿಸುವ ಓಡಾಟವನ್ನು ಗುಮಾಸ್ತರು ಮಾಡಿಕೊಟ್ಟರು. ಅವಳು ನನಗೆ ಹೇಳಿ ಹೋಗಲಿಲ್ಲ. ಮೇಡಂಗೆ ಹೇಳಿ ಹೋದಳು.

ಮೇಡಂ ಅವಧಿ ಮುಗಿಸಿ ತಮ್ಮ ದೇಶಕ್ಕೆ ಹೊರಟುಹೋದರು. ಅವರ ದೇಶ ಇನ್ನೂ ಹೊರಗೇ ಇದೆ. ಮೊದಲು ತೆರೆದ ಪಾಠ ತೆರೆದೇ ಇದೆ ಎಂದು ಗುಮಾಸ್ತರು ಹೇಳುತ್ತಾರೆ. ಈ ನಡುವೆ ನೆರೆಯ ಒಂದು ದೇಶ ಯಾವುದೋ ಹಳೆಯ ಜಗಳ ತೆಗೆದು ಉಹೂಂ ಎಂದಿತಂತೆ.

ಅದಕ್ಕೆ ಮೊದಲು, ಅವಳು ಹೊಸ ಮನೆಗೆ ಸೇರಿದ ಆ ವಾರವೇ, ಇಲ್ಲಿಯ ಕೆಲಸ ಹೋದ ಸುದ್ದಿ ಮುಟ್ಟಿ ತಮ್ಮ ಫೋನ್ ಮಾಡಿದ್ದ.

"ಅಕ್ಕ, ಇನ್ನು ಅವಳನ್ನು ಕಳಿಸಿಬಿಡು. ಗಂಡಿನವರು ಕಾಯ್ತಾ ಇದ್ದಾರೆ. ಈಗ ನಿನಗೆ ಅವಳ ಅಗತ್ಯ ಇಲ್ಲವಲ್ಲ."

"ಇಲ್ಲ. ಅವಳು ನನ್ನ ಕೈಕೆಳಗಿಲ್ಲ ಈಗ."

"ಮತ್ತೆ ಯಾರ ಕೈಕೆಳಗೆ?"

"ಯಾರೋ ಗೊತ್ತಿಲ್ಲದವರ ಮನೆ. ಅಲ್ಲಿ ನನ್ನ ಮಾತು ನಡೆಯುವುದಿಲ್ಲ. ನೀನು ಅವಳನ್ನೇ ಕೇಳು."

ಮಗಳ ಮದುವೆಯ ವಿಷಯವನ್ನು ಅವನು ಎಂದೂ ಮಗಳಲ್ಲಿ ಕೇಳಿದವನಲ್ಲ. ಮೊದಲ ಮದುವೆಯಲ್ಲೂ ಕೇಳಿರಲಿಲ್ಲ. ಎಲ್ಲ ನನ್ನ ಮೂಲಕವೇ.

ಮುಂದಿನ ಶುಕ್ರವಾರ ಅವಳು ಬಂದಳು, ಹೋದಮೇಲೆ ಮೊದಲ ಸಲ. ಮೆಟ್ಟಿಲಲ್ಲಿ ಕೂತಳು. ಚಹಾ ಕೊಟ್ಟೆ, ಕುಡಿದಳು. ಹಿತ್ತಿಲಿನ ಬಿಸಿಲು ಅವಳ ಕಾಲಬುಡದವರೆಗೆ ಬಂದು ನಿಂತಿತ್ತು.

"ಉಪ್ಪ ಫೋನ್ ಮಾಡಿದ್ದರು" ಎಂದು ಕೊನೆಗೆ ತನ್ನ ಅಪ್ಪನ ಮಾತೆತ್ತಿದಳು.

"ಎಂತ ಹೇಳಿದೆ?"

"ಇಲ್ಲ ಅಂದೆ."

"ಅವನು?"

"ಎರಡು ಸಲ ಹೇಳಬೇಕಾಯ್ತು. ಮೊದಲ ಸಲ ಹೇಳಿದ್ದು ನಿಮ್ಮ ಮಾತಲ್ಲ, ನನ್ನದೇ ಅಂತ ಅವರಿಗೆ ಗೊತ್ತಾಗಲಿಲ್ಲ."